ಕಲಾಯಿ ಮೀಸೆ

ರಮ್ಯಶ್ರೀಗೆ ಸಾಗರ್ ಮೇಲೆ ಮನಸ್ಸಾದದ್ದು ಬೇಲಿ ಮಷೀನಿನ ದೆಸೆಯಿಂದ. ಕಾಡಂಚಿನ ಹೊಲಗಳಿಗೆ ಆನೆ ನುಗ್ಗದ ಹಾಗೆ ಸೋಲಾರ್ ಬೇಲಿ ಹಾಕಿರುತ್ತಾರಲ್ಲ, ಆ ತಂತಿಗೆ ಟಕ್ ಟಕ್ ಅಂತ ಝಟಕಾ ಕಳಿಸುವ ಪೆಟ್ಟಿಗೆಯೇ ಬೇಲಿ ಮಷೀನು. ಅದನ್ನು ರಿಪೇರಿ ಮಾಡುವ, ಬೇಕೆಂದವರಿಗೆ ಹೊಸದನ್ನೇ ಕಟ್ಟಿಕೊಡುವ ಅಂಗಡಿಯನ್ನು ಅವಳು ಹುಣಸೂರಿನ ಬಸ್ ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ಇಟ್ಟಿದ್ದಳು. ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿದ ಹುಡುಗಿ ಬೆಸುಗೆ ಕಡ್ಡಿ ಹಿಡಿದು ಕೂತಿದ್ದನ್ನು ನೋಡಿ ಮೊದಮೊದಲು ರೈತರು, ‘ಓನರು ಎಲ್ಲವ್ವಾ?’ ಅಂತ ಕೇಳುತ್ತಿದ್ದರು. ಅವಳು ತಲೆ ಎತ್ತದೆ ‘ಊಟಕ್ಕೆ ಹೋಗವ್ರೆ’ ಅಂತಿದ್ದಳು. ಮಷೀನು ರಿಪೇರಿಯಾಗಿ ಕೈಗೆ ಬಂದ ಮೇಲೆ ಓನರು ಯಾರು ಅನ್ನುವುದು ಅವರಿಗೇ ತಿಳಿಯುತ್ತಿತ್ತು.

ಸಾಗರ್ ಎಚ್.ಡಿ. ಕೋಟೆ ತಾಲ್ಲೂಕಿನವನು. ಅಂತರಸಂತೆಯಿಂದ ಒಳಗೆ, ಕಾಕನಕೋಟೆ ಕಾಡಿಗೆ ಒರಗಿಕೊಂಡ ಊರು. ಹತ್ತಿ, ರಾಗಿ, ಒಂದಿಷ್ಟು ಅರಿಶಿನ. ಅವನ ಮಷೀನು ಕೆಡುತ್ತಿದ್ದ ರೀತಿ ನೋಡಿದರೆ ಕಾಕನಕೋಟೆಯ ಆನೆಗಳೆಲ್ಲ ಅವನ ಹೊಲಕ್ಕೇ ಕಣ್ಣು ಹಾಕಿವೆಯೇನೋ ಅನ್ನಿಸಬೇಕು. ಒಂದು ಸಲ ಮುಚ್ಚಳ ತೆಗೆದ ರಮ್ಯಶ್ರೀ ಒಳಗಿನ ತಂತಿಯೊಂದನ್ನು ಎತ್ತಿ ತೋರಿಸಿ, ಇದನ್ನು ಯಾರು ಬಿಚ್ಚಿದ್ದು ಅಂತ ಕೇಳಿದಳು. ಅವನು ಇಲಿ ಕಡಿದಿರಬೇಕು ಅಂದ. ಇಲಿಗಳು ಸ್ಕ್ರೂ ಡ್ರೈವರ್ ಇಟ್ಟುಕೊಳ್ಳುವ ಕಾಲ ಬಂತೇ ಅಂತ ಅವಳು ಕೇಳಿದಾಗ ಸಾಗರ್ ತಲೆಯ ಮೇಲಿನ ಫ್ಯಾನನ್ನು ಬಹಳ ಶ್ರದ್ಧೆಯಿಂದ ನೋಡತೊಡಗಿದ. ಆವತ್ತಿನಿಂದ ಮಷೀನು ಕೆಡುವುದು ನಿಂತಿತು. ಅವನು ಬರುವುದು ನಿಲ್ಲಲಿಲ್ಲ.

ಎರಡೂ ಮನೆಗಳಲ್ಲಿ ಮಾತು ಸಲೀಸಾಗಿಯೇ ನಡೆಯಿತು. ರಮ್ಯಶ್ರೀಯ ಅಪ್ಪ ದೇವರಾಜು ಗಾವಡಗೆರೆಯಲ್ಲಿ ಹೊಗೆಸೊಪ್ಪು ಬೆಳೆಯುವ ಮನುಷ್ಯ, ಮಗಳ ಮಾತಿಗೆ ಎದುರು ಹೇಳಿ ಅಭ್ಯಾಸವಿಲ್ಲದವನು. ಅವ್ವ ಸುನಂದಮ್ಮ ಹುಡುಗನ ನಡಿಗೆ ನೋಡಿ ಒಪ್ಪಿದಳು. ನಡಿಗೆಯಲ್ಲಿ ಏನು ಕಂಡಳೋ ಅವಳಿಗೇ ಗೊತ್ತು. ಸಾಗರ್‌ನ ಅಪ್ಪ ಸಣ್ಣಬೀರಯ್ಯನಿಗೂ ಒಪ್ಪಿಗೆ. ಅಡ್ಡ ನಿಂತದ್ದು ಒಬ್ಬರೇ, ಸಾಗರ್‌ನ ಅಜ್ಜಿ ಮರಮ್ಮ. ಆ ಮನೆಯಲ್ಲಿ ಅಜ್ಜಿಯ ಮಾತು ಮೀರಿ ಹಸು ಕೂಡ ಈಯುತ್ತಿರಲಿಲ್ಲ.

ಅಜ್ಜಿಗೆ ಹುಡುಗಿಯ ಮೇಲೆ ದೂರಿರಲಿಲ್ಲ. ದೂರು ಇದ್ದದ್ದು ಕರೆಂಟಿನ ಮೇಲೆ. ಸಣ್ಣಬೀರಯ್ಯ ತೊಟ್ಟಿಲಲ್ಲಿದ್ದಾಗ ಅಜ್ಜಿಯ ಗಂಡ ದೊಡ್ಡಬೀರಯ್ಯ ಬಾವಿಯ ಮೋಟಾರು ಹಾಕಲು ಹೋದವರು ಹಸಿ ನೆಲದಲ್ಲಿ ಬರಿಗಾಲಲ್ಲಿ ನಿಂತು ಸ್ಟಾರ್ಟರ್ ಮುಟ್ಟಿದರು, ಮತ್ತೆ ಮನೆಗೆ ಬರಲಿಲ್ಲ. ಆಮೇಲೆ ಅಜ್ಜಿ ಒಂದು ಸ್ವಿಚ್ಚನ್ನೂ ಮುಟ್ಟಿದವರಲ್ಲ. ಮನೆಯಲ್ಲಿ ಬೇರೆ ಯಾರೂ ಇಲ್ಲದಿದ್ದರೆ ಕತ್ತಲಲ್ಲೇ ಕೂತಿರುತ್ತಿದ್ದರು, ಚಾರ್ಜಿಗಿಟ್ಟ ಫೋನಿದ್ದರೆ ಸುತ್ತು ಹಾಕಿಕೊಂಡು ಹೋಗುತ್ತಿದ್ದರು. ಫೋಟೋ ತೆಗೆಸಬೇಕಾದರೆ ಮೈಸೂರಿಗೇ ಹೋಗಬೇಕಿದ್ದ ಕಾಲ ಅದು, ದೊಡ್ಡಬೀರಯ್ಯನವರದು ಒಂದು ಫೋಟೋವೂ ಉಳಿದಿರಲಿಲ್ಲ. ಇದ್ದ ಒಂದೇ ಸಮಾಧಾನ ಅಂದರೆ ಮೊಮ್ಮಗ. ತಾತನನ್ನೇ ಎರಕ ಹೊಯ್ದ ಹಾಗಿದ್ದಾನೆ, ಅವರನ್ನು ನೋಡಬೇಕು ಅನ್ನಿಸಿದರೆ ಇವನನ್ನು ಕರೆದು ಎದುರಿಗೆ ಕೂರಿಸಿಕೊಳ್ಳುತ್ತೇನೆ ಅಂತ ಅಜ್ಜಿ ಊರೆಲ್ಲ ಹೇಳುತ್ತಿದ್ದರು. ಅಂಥವನಿಗೆ ದಿನ ಬೆಳಗಾದರೆ ಕರೆಂಟಿನ ಜೊತೆ ಸಂಸಾರ ಮಾಡುವ ಹುಡುಗಿಯೇ ಬೇಕಾಗಿತ್ತೇ?

ಸಾಗರ್ ಇದನ್ನೆಲ್ಲ ಅಂಗಡಿಯ ಸ್ಟೂಲಿನ ಮೇಲೆ ಕೂತು ಹೇಳಿದಾಗ ರಮ್ಯಶ್ರೀಗೆ ಮೊದಲು ಸಿಟ್ಟು ಬಂತು, ಹಿಂದೆಯೇ ಅಳು ಬಂತು. ಸಿಟ್ಟು ಮಾಡಿಕೊಳ್ಳಲು ಆ ಅಜ್ಜಿಯಲ್ಲಿ ತಪ್ಪೇ ಕಾಣಿಸಲಿಲ್ಲ, ಅದಕ್ಕೇ ಅಳು. ಬಹಳ ಗೋಗರೆದ ಮೇಲೆ ಅಜ್ಜಿ ಇಷ್ಟಕ್ಕೆ ಇಳಿದಿದ್ದರು: ಭಾನುವಾರ ಹುಡುಗಿಯ ಕಡೆಯವರು ಮನೆ ನೋಡಲು ಬರುವಾಗ ಹುಡುಗಿಯೂ ಬರಲಿ, ಒಂದು ಸಲ ಕಣ್ಣಾರೆ ನೋಡುತ್ತೇನೆ, ಆಮೇಲೂ ನಾನು ಬೇಡ ಅಂದರೆ ಈ ಮನೆಯಲ್ಲಿ ಆ ಮಾತು ಮತ್ತೆ ಎತ್ತಕೂಡದು. ಮನೆ ನೋಡುವ ಶಾಸ್ತ್ರಕ್ಕೆ ಹುಡುಗಿಯೇ ಹೋಗುವ ವಾಡಿಕೆ ಗಾವಡಗೆರೆಯಲ್ಲಿ ಇಲ್ಲ. ಅವರ ಬೇಲಿ ಮಷೀನು ಕೆಟ್ಟಿದೆ, ಅದನ್ನು ನೋಡಲು ಹೋಗುತ್ತಿದ್ದಾಳೆ ಅಂತ ಸುನಂದಮ್ಮ ನೆರೆಹೊರೆಯವರಿಗೆ ಹೇಳಿಟ್ಟಳು.

ರಮ್ಯಶ್ರೀ ಕೂತು ಯೋಚನೆ ಮಾಡಿದಳು. ಬಾಯಿಮಾತಿನಲ್ಲಿ ಅಜ್ಜಿಯ ಹೆದರಿಕೆ ಬಿಡಿಸಲು ಆಗುವುದಿಲ್ಲ. ಅವರು ಹೆದರುವ ವಸ್ತುವನ್ನೇ ಅವರ ಕೈಗೆ ಕೊಟ್ಟರೆ ಹೇಗೆ? ಮಷೀನಿನ ಹೊಟ್ಟೆಯಲ್ಲಿ ಇರುತ್ತದಲ್ಲ, ಹಸಿರು ಸರ್ಕ್ಯೂಟ್ ಬೋರ್ಡು, ಅದರ ಮೇಲೆ ಸಾಗರ್‌ನ ಮುಖವನ್ನೇ ಬಿಡಿಸಿ ಕೊಡುವುದು. ನೋಡಿ ಅಜ್ಜಿ, ನಾನು ದಿನಾ ಮುಟ್ಟುವುದು ಇದನ್ನೇ, ಇದರಲ್ಲಿ ಇರುವುದು ನಿಮ್ಮ ಮೊಮ್ಮಗ ಅನ್ನಬಹುದು. ಯೋಚನೆ ಅವಳಿಗೇ ಎಷ್ಟು ಹಿಡಿಸಿತೆಂದರೆ ಆವತ್ತು ಬಂದ ಗಿರಾಕಿಗಳಿಗೆಲ್ಲ ಟೀ ತರಿಸಿಕೊಟ್ಟಳು.

ಬೋರ್ಡಿನ ಮೇಲೆ ಚಿತ್ರ ಬರೆಯಲು ಪೆಟ್ಟಿಗೆ ತುಂಬ ಬಣ್ಣ ಇರುವುದಿಲ್ಲ. ಗಾಜಿನ ನಾರಿನ ಹಲಗೆ, ಅದರ ಮೇಲೆ ತೆಳ್ಳಗೆ ತಾಮ್ರ, ಎಲ್ಲದರ ಮೇಲೆ ಹಸಿರು ಮೆರುಗೆಣ್ಣೆ, ಹೆಸರು ಗಿಸರು ಬರೆಯಲು ಒಂದಿಷ್ಟು ಬಿಳಿ. ಮೈಸೂರಿನ ಕಾರ್ಖಾನೆಯವರು ಕೊಡುವುದು ಅಷ್ಟೇ. ಆದರೆ ನೋಡುವ ಕಣ್ಣಿಗೆ ಅಷ್ಟರಲ್ಲೇ ಬಣ್ಣಗಳಿವೆ. ತಾಮ್ರದ ಮೇಲೆ ಹಸಿರು ಬಿದ್ದರೆ ಬಾಳೆಯ ಎಳೆ ಎಲೆಯ ಬಣ್ಣ. ತಾಮ್ರ ಇಲ್ಲದ ಕಡೆ ಬಿದ್ದರೆ ಕಪ್ಪಿಗೆ ತಿರುಗಿದ ಕಡು ಹಸಿರು. ಹಸಿರನ್ನು ಬಿಟ್ಟು ತಾಮ್ರವನ್ನು ಬಯಲಾಗಿಸಿದರೆ ಕಾರ್ಖಾನೆಯವರು ಅದು ಕಿಲುಬು ಹಿಡಿಯದಿರಲೆಂದು, ಪಾತ್ರೆಗೆ ಹಾಕುವ ಹಾಗೇ, ಕಲಾಯಿ ಹಾಕುತ್ತಾರೆ, ಅದು ಬೆಳ್ಳಿ. ಇನ್ನು ತಾಮ್ರವೂ ಇಲ್ಲದೆ ಹಸಿರೂ ಇಲ್ಲದೆ ಬರೀ ಹಲಗೆಯನ್ನೇ ಬಿಟ್ಟರೆ ಒಂದು ಹದವಾದ ತಿಳಿ ಹಳದಿ. ಅದನ್ನು ಬಣ್ಣ ಅಂತ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ರಮ್ಯಶ್ರೀ ಹಿಡಿದಳು. ಹೊಗೆಸೊಪ್ಪನ್ನು ಬೇಯಿಸುವ ಬ್ಯಾರನ್ನಿನಿಂದ ಇಳಿಸಿದ ಮೇಲೆ ಅವ್ವನ ಜೊತೆ ಕೂತು ಎಲೆಗಳನ್ನು ಬಣ್ಣ ನೋಡಿ ವಿಂಗಡಿಸುತ್ತ ಬೆಳೆದವಳು ಅವಳು. ಹದಿನಾರಾಣೆ ಎಲೆ ಯಾವ ಹಳದಿ ಇರಬೇಕೋ ಆ ಹಳದಿ ಈ ಬೋಳು ಹಲಗೆಯಲ್ಲಿತ್ತು.

ಸಾಗರ್‌ನ ಮುಖಕ್ಕೆ ಅದೇ ಹಳದಿ ಗೊತ್ತು ಮಾಡಿದಳು. ನಿಜ ಹೇಳಬೇಕೆಂದರೆ ಹುಡುಗ ಅಷ್ಟು ಬಣ್ಣದವನಲ್ಲ, ಬಿಸಿಲಲ್ಲಿ ದುಡಿಯುವ ಮೈ. ಸುನಂದಮ್ಮ ಕಂಪ್ಯೂಟರಿನಲ್ಲಿ ಇಣುಕಿ, ಎಲೆಯನ್ನು ಎರಡು ದರ್ಜೆ ಮೇಲಕ್ಕೆ ಹಾಕಿದ್ದೀಯ ಅಂದಳು. ಕೆನ್ನೆಯ ಮೇಲೆ ಬೆಳಕು ಬೀಳುವ ಕಡೆ ಕಲಾಯಿಯ ಹೊಳಪು, ಕಣ್ಣಿನಲ್ಲಿ ಬಿಳಿ. ಕೂದಲಿಗೂ ಮೀಸೆಗೂ ಅಡಿಯಲ್ಲಿ ತಾಮ್ರದಲ್ಲಿ ಎಳೆ ಎಳೆಯಾಗಿ ಗೀರು ಹಾಕಿ ಮೇಲೆ ಹಸಿರು ಮುಚ್ಚಿಸಿದರೆ ಕಪ್ಪು ಕೂದಲಿನ ಮಿಂಚು ಬರುತ್ತದೆ. ಇಷ್ಟನ್ನೂ ಬರೆದು ಕಾರ್ಖಾನೆಗೆ ಕಳಿಸಿದಳು. ಆ ಕಡೆಯ ಹುಡುಗ ಫೋನು ಮಾಡಿ, ಇದು ಹೀಗೇ ಇರಬೇಕಾ ಮೇಡಂ, ನೋಡಲು ಏನೋ ಒಂಥರಾ ಇದೆ ಅಂದ. ಬೋರ್ಡಿನ ಮೇಲೆ ಮುಖ ನೋಡಿ ಗೊತ್ತಿಲ್ಲದವನು, ಬೆರಗಾಗಿದ್ದಾನೆ ಅಂದುಕೊಂಡ ರಮ್ಯಶ್ರೀ, ಕಳಿಸಿದ ಹಾಗೇ ಮಾಡಿ ಅಂತ ಗತ್ತಿನಲ್ಲಿ ಹೇಳಿ ಫೋನಿಟ್ಟಳು.

ಪಾರ್ಸೆಲ್ಲು ಮೈಸೂರಿನ ಬಸ್ಸಿನಲ್ಲಿ ಬಂದದ್ದು ಭಾನುವಾರ ಬೆಳಿಗ್ಗೆಯೇ. ಯಮಗಂಡಕಾಲಕ್ಕೆ ಮುಂಚೆ ತಲುಪಬೇಕೆಂದು ದೇವರಾಜು ಕಾರಿನ ಹಾರನ್ ಹೊಡೆಯುತ್ತಿದ್ದ. ಪಾರ್ಸೆಲ್ಲನ್ನು ಬಾಚಿಕೊಂಡು ಕಾರು ಹತ್ತಿದವಳು ಟೇಪು ಕಿತ್ತು ಬಿಚ್ಚಿ ನೋಡಿದ್ದು ಎಚ್.ಡಿ. ಕೋಟೆ ದಾಟಿದ ಮೇಲೆ.

ಪಕ್ಕದಲ್ಲಿ ಹೂವಿನ ಪೊಟ್ಟಣ ಇಟ್ಟುಕೊಂಡು ಕೂತಿದ್ದ ಸುನಂದಮ್ಮ ಬಗ್ಗಿ ನೋಡಿದಳು. “ಇದ್ಯಾರೇ ಈ ಮುದುಕ?”

ಮುಖ ಹದಿನಾರಾಣೆ ಹಳದಿ ಇರಬೇಕಾಗಿತ್ತಲ್ಲ, ಅದು ಕಡು ಹಸಿರಾಗಿ ಕಪ್ಪಗಿತ್ತು. ಕಪ್ಪಗಿರಬೇಕಾಗಿದ್ದ ತಲೆಗೂದಲು ಕಲಾಯಿ ಹೊಡೆದುಕೊಂಡು ಬೆಳ್ಳಗೆ ಹೊಳೆಯುತ್ತಿತ್ತು. ಮೀಸೆಯಂತೂ ಒಂದೊಂದು ಎಳೆಯೂ ಬೆಳ್ಳಿಯ ತಂತಿ. ಮೂಗು, ಕಣ್ಣು, ಗದ್ದ ಎಲ್ಲವೂ ಸಾಗರ್‌ನದೇ, ಆದರೆ ಅವನಿಗೆ ಎಪ್ಪತ್ತು ದಾಟಿತ್ತು.

ತಪ್ಪು ಎಲ್ಲಾಯಿತೆಂದು ರಮ್ಯಶ್ರೀಗೆ ಹೊಳೆಯಲು ಬಹಳ ಹೊತ್ತು ಬೇಕಾಗಲಿಲ್ಲ. ದಿನದ ಕೆಲಸದಲ್ಲಿ ಹಸಿರಿನ ಪದರವನ್ನು ಕಂಪ್ಯೂಟರೇ ತಾನಾಗಿ ಮಾಡಿಕೊಳ್ಳುತ್ತದೆ, ಅವಳು ಅದಕ್ಕೆ ಕೈ ಹಚ್ಚಿದವಳೇ ಅಲ್ಲ. ಆ ಪದರದಲ್ಲಿ ಗೆರೆ ಎಳೆದರೆ ಇಲ್ಲಿ ಹಸಿರು ಬಳಿ ಅಂತ ಅರ್ಥವಲ್ಲ, ಇಲ್ಲಿ ಹಸಿರು ಬಿಡು ಅಂತ ಅರ್ಥ. ಅವಳು ಹಸಿರು ಬೇಕಾದ ಕಡೆಯೆಲ್ಲ ಗೆರೆ ಎಳೆದಿದ್ದಳು. ಸೊಪ್ಪು ಬಿಡಿಸು ಅಂದರೆ ಕಡ್ಡಿ ಇಟ್ಟುಕೊಂಡು ಸೊಪ್ಪನ್ನು ಎಸೆದು ಬಂದ ಹಾಗಾಯಿತು. ಕಾರ್ಖಾನೆಯ ಆ ಹುಡುಗ ಕೇಳಿದ್ದು ಇದನ್ನೇ. ಗತ್ತು ಮಾಡಿ ಬಾಯಿ ಮುಚ್ಚಿಸಿದವಳು ಇವಳೇ.

“ಅಪ್ಪಾ, ಕಾರ್ ತಿರುಗ್ಸು,” ಅಂದಳು. ಶಾಸ್ತ್ರಕ್ಕೆ ಹೊರಟ ಕಾರನ್ನು ಅರ್ಧ ದಾರಿಯಲ್ಲಿ ತಿರುಗಿಸುವುದು ಒಳ್ಳೆಯದಲ್ಲ ಅಂತ ದೇವರಾಜು ಎಂದೂ ಇಲ್ಲದ ಗಟ್ಟಿತನ ತೋರಿಸಿದ. ಅವಳು ಬೋರ್ಡನ್ನು ಬ್ಯಾಗಿನ ತಳಕ್ಕೆ ತುರುಕಿದಳು. ದಾರಿಯುದ್ದಕ್ಕೂ ಅವ್ವ ಮಾತ್ರ ಸೆರಗು ಬಾಯಿಗೆ ಅಡ್ಡ ಹಿಡಿದು ನಗುತ್ತಲೇ ಇದ್ದಳು.

ಮನೆ ಚೆನ್ನಾಗಿತ್ತು. ಹೆಂಚಿನ ಮನೆ, ಅಗಲವಾದ ಜಗಲಿ, ಅಂಗಳದ ತುಂಬ ಬಿಡಿಸಿಟ್ಟ ಹತ್ತಿ. ಸಾಗರ್ ಇಸ್ತ್ರಿ ಶರ್ಟು ಹಾಕಿಕೊಂಡು ಎಲ್ಲರಿಗಿಂತ ಹೆಚ್ಚು ಬೆವರುತ್ತಿದ್ದ. ಚಕ್ಕುಲಿ, ಕಾಫಿ ಬಂತು. ಗಂಡಸರು ಮಳೆ ಬೆಳೆ, ಆನೆ, ಹೊಗೆಸೊಪ್ಪಿನ ಹರಾಜು ಅಂತ ಮಾತಿಗೆ ಕೂತರು. ಅಜ್ಜಿ ಜಗಲಿಯ ಮೂಲೆಯ ಚಾಪೆಯ ಮೇಲೆ ಗೋಡೆಗೆ ಒರಗಿದ್ದರು. ಸಣ್ಣ ಆಳು, ನೆಟ್ಟಗಿನ ಬೆನ್ನು. ರಮ್ಯಶ್ರೀಯನ್ನು ಹತ್ತಿರ ಕೂರಿಸಿಕೊಂಡು ಅವಳ ಬೆರಳುಗಳನ್ನು ಒಂದೊಂದಾಗಿ ತಿರುಗಿಸಿ ನೋಡಿದರು. ತೋರುಬೆರಳಿನ ತುದಿಯಲ್ಲಿ ಬೆಸುಗೆ ಕಡ್ಡಿ ತಾಕಿದ ಸುಟ್ಟ ಗುರುತು ಕಂಡಾಗ ಕೈ ಬಿಟ್ಟುಬಿಟ್ಟರು.

“ಎದ್ರಿಕೆ ಆಗಕಿಲ್ವಾ ನಿಂಗೆ?”

“ಆಯ್ತದೆ ಅಜ್ಜಿ. ಅದ್ಕೇ ಮುಟ್ಟೋಕೆ ಮುಂಚೆ ಎಲ್ಲಾ ಕಡೆನೂ ಆಫ್ ಮಾಡಿ, ಎರಡು ಸಲ ನೋಡ್ಕತ್ತೀನಿ.”

“ಅವ್ರೂ ಇಂಗೇ ಯೋಳೋರು, ನಾ ನೋಡ್ಕತ್ತೀನಿ ಬುಡು ಅಂತ,” ಅಂದರು ಅಜ್ಜಿ. ದನಿಯಲ್ಲಿ ಕೋಪವಿರಲಿಲ್ಲ. ಕೋಪಕ್ಕಾದರೆ ರಮ್ಯಶ್ರೀ ಏನಾದರೂ ಉತ್ತರ ಕೊಡಬಹುದಿತ್ತು. ಅಜ್ಜಿ ಆಮೇಲೆ ಮೆತ್ತಗೆ, ನೀನು ಒಳ್ಳೆ ಹುಡುಗಿ, ನಿನಗೆ ಒಳ್ಳೆ ಕಡೆಯೇ ಸಿಗುತ್ತದೆ ಅನ್ನುವ ಧಾಟಿಯಲ್ಲಿ ಶುರು ಮಾಡಿದರು. ಆ ಮಾತು ಯಾವ ದಾರಿ ಹಿಡಿದು ಎಲ್ಲಿ ಮುಟ್ಟುತ್ತದೆಂದು ಜಗಲಿಯಲ್ಲಿದ್ದ ಎಲ್ಲರಿಗೂ ಗೊತ್ತಾಯಿತು. ಸಾಗರ್ ಕಾಫಿ ಲೋಟ ಕೆಳಗಿಟ್ಟ. ಅವನ ಮುಖ ನೋಡಲು ಅವಳಿಗೆ ಆಗಲಿಲ್ಲ.

ಇನ್ನೊಂದು ಗಳಿಗೆ ಸುಮ್ಮನಿದ್ದರೆ ಅಜ್ಜಿಯ ಬಾಯಿಂದ ಆ ‘ಬೇಡ’ ಬಂದೇ ಬಿಡುತ್ತದೆ. ರಮ್ಯಶ್ರೀ ಏನು ಮಾಡುತ್ತಿದ್ದೇನೆಂದು ಯೋಚಿಸದೆ ಬ್ಯಾಗಿಗೆ ಕೈ ಹಾಕಿ, ತಳದಲ್ಲಿದ್ದ ಬೋರ್ಡನ್ನು ತೆಗೆದು ಅಜ್ಜಿಯ ಮಡಿಲಲ್ಲಿಟ್ಟಳು. ನಾನು ದಿನಾ ಮುಟ್ಟುವುದು ಇದನ್ನೇ ಅಜ್ಜಿ ಅಂತ ಹೇಳಬೇಕೆಂದಿದ್ದಳು, ಅದೂ ಮರೆತುಹೋಯಿತು.

ಅಜ್ಜಿ ಮೊದಲು ಕೈ ಹಿಂದಕ್ಕೆ ಎಳೆದುಕೊಂಡರು. ಆಮೇಲೆ ಬಗ್ಗಿ ನೋಡಿದರು. ನೋಡಿದವರು ಎರಡೂ ಕೈಯಲ್ಲಿ ಎತ್ತಿಕೊಂಡು ಬೆಳಕಿಗೆ ಹಿಡಿದರು, ಕಣ್ಣಿನ ಹತ್ತಿರ ತಂದರು, ಮತ್ತೆ ದೂರ ಹಿಡಿದರು. ಹೆಬ್ಬೆರಳಿನಿಂದ ಆ ಕಲಾಯಿ ಮೀಸೆಯ ಮೇಲೆ ಈ ಕಡೆಯಿಂದ ಆ ಕಡೆಗೆ ಸವರಿದರು. ಸಣ್ಣಬೀರಯ್ಯ ಎದ್ದು ಬಂದು, ಯಾರವ್ವಾ ಅದು ಅಂತ ಕೇಳಿದ.

“ನಿಮ್ಮಪ್ಪ ಕಣ್ಲಾ,” ಅಂದರು ಅಜ್ಜಿ.

ತೊಟ್ಟಿಲಲ್ಲಿದ್ದಾಗಲೇ ಅಪ್ಪನನ್ನು ಕಳಕೊಂಡ ಸಣ್ಣಬೀರಯ್ಯ, ಈಗ ತನ್ನದೇ ಅರ್ಧ ತಲೆ ನರೆತವನು, ಅವ್ವನ ಪಕ್ಕ ಮಂಡಿಯೂರಿ ಕೂತು ಬೋರ್ಡಿನೊಳಕ್ಕೆ ನೋಡಿದ.

ದೇವರಾಜು ಮಗಳ ಕಡೆ ನೋಡಿ ಕಣ್ಣಲ್ಲೇ ಸನ್ನೆ ಮಾಡಿದ. ಸುಮ್ಮನಿರು ಮಗಳೇ, ತಾನಾಗಿ ಒಲಿದು ಬಂದಿದೆ, ಕೆಡಿಸಬೇಡ ಅನ್ನುವ ಸನ್ನೆ. ಸುಮ್ಮನಿರಬೇಕೆಂದು ಅವಳಿಗೂ ಆಸೆಯಾಯಿತು, ಸುಳ್ಳು ಯಾಕೆ ಹೇಳಬೇಕು, ಬಹಳವೇ ಆಸೆಯಾಯಿತು. ಆದರೆ ಆ ಹೆಬ್ಬೆರಳು ಮೀಸೆಯ ಮೇಲೆ ಓಡಾಡುತ್ತಿದ್ದುದನ್ನು ನೋಡುತ್ತ ಬಾಯಿ ಮುಚ್ಚಿಕೊಂಡು ಕೂರುವುದು ಅವಳ ಕೈಲಾಗಲಿಲ್ಲ.

“ಅಜ್ಜಿ, ಅದು ತಾತ ಅಲ್ಲ. ನಾನು ತಾತನ್ನ ನೋಡೇ ಇಲ್ಲ. ಸಾಗರ್ ಮುಖ ಮಾಡೋಕೆ ಹೋದೆ, ಬಣ್ಣ ಉಲ್ಟಾ ಆಗಿ ತಲೆ ಬೆಳ್ಳಗಾಗೋಯ್ತು. ತಪ್ಪು ನಂದೇ. ಸರಿಯಾಗಿರೋದು ಇನ್ನೊಂದು ಮಾಡಿ ತಂದುಕೊಡ್ತೀನಿ.”

ಅಜ್ಜಿ ತಲೆ ಎತ್ತಲಿಲ್ಲ. “ಗೊತ್ತು ಕಣವ್ವ. ನಂಗೇನು ಕಣ್ಣು ಓಗಿಲ್ಲ. ಅವ್ರಿಗೆ ಒಂದು ಬಿಳಿ ಕೂದ್ಲು ಬಂದಿದ್ನ ನಾನು ಕಂಡೋಳಲ್ಲ. ಈ ನಮ್ ಐದ ಸಾಗ್ರನ್ಗಿಂತ ಚಿಕ್ಕೋರು, ತೀರ್ಕಂಡಾಗ.” ತಮ್ಮ ತಲೆಯ ಮೇಲೆ ಕೈಯಾಡಿಸಿಕೊಂಡರು. “ನನ್ ತಲೆ ಒಂದೇ ಬೆಳ್ಳಗಾಯ್ತಾ ಬಂತು. ಅವ್ರು ಇದ್ದಿದ್ರೆ ಎಂಗಿರ್ತಿದ್ರು ಅಂತ ಎಣ್ಕೆ ಆಕ್ಕತಿದ್ದೆ, ಮಕ ಕಣ್ಮುಂದೆ ಬತ್ತಿರ್ನಿಲ್ಲ. ಸಾಗ್ರನ್ನ ನೋಡುದ್ರೆ ಅವ್ರು ಇನ್ನೂ ಐದನಾಗೇ ಅವ್ರೆ, ನಾನೊಬ್ಳೇ ಮುದ್ಕಿ ಆದೆ ಅನ್ಸೋದು. ಈಗ ನೋಡು, ಇಬ್ರೂ ಒಂದೇ ವಯ್ಸಿನ ವಾರ್ಗೆ ಆದೊ.”

ಸುನಂದಮ್ಮ ಸೆರಗು ಮತ್ತೆ ಬಾಯಿಗೆ ಹಿಡಿದಳು. ಈ ಸಲ ನಗುವುದಕ್ಕಲ್ಲ.

ಅಜ್ಜಿ ಬೋರ್ಡನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಇದರಲ್ಲಿ ಕರೆಂಟು ಇದೆಯೇ ಅಂತ ಕೇಳಿದರು. ಇಲ್ಲ ಅಂದಳು ರಮ್ಯಶ್ರೀ. ನೀನು ದಿನಾ ಕೆಲಸ ಮಾಡುವುದು ಇಂಥದ್ದರ ಮೇಲೆಯೇ ಅಂತ ಕೇಳಿದರು. ಹೌದು ಅಂದಳು. ಅಷ್ಟು ಕೇಳಿ ಅಜ್ಜಿ ಕರೆಂಟಿನ ವಿಚಾರವನ್ನೇ ಬಿಟ್ಟರು. ಮಣ್ಣು ಹತ್ತಿದರೆ ಏನು ಮಾಡಬೇಕು, ಕಲಾಯಿ ಪಾತ್ರೆಗೆ ಮಾಡುವ ಹಾಗೆ ಬೂದಿ ಹಾಕಿ ಉಜ್ಜಬಹುದೇ ಅಂತ ವಿಚಾರಿಸಿಕೊಂಡರು. ಬೂದಿ ಬೇಡ, ಒಣ ಬಟ್ಟೆಯಲ್ಲಿ ಒರೆಸಿದರೆ ಸಾಕು ಅಂತ ರಮ್ಯಶ್ರೀ ಹೇಳಿದಳು.

ಸಾಗರ್‌ಗೆ ತಡೆಯಲಾಗಲಿಲ್ಲ. ಹತ್ತಿರ ಬಂದು ಕೂತು, ಹಾಗಾದರೆ ನನ್ನದು ಇನ್ನೊಂದು ಸರಿಯಾಗಿರುವುದು ಮಾಡಿಸೋಣವೇ ಅಜ್ಜಿ, ನನ್ನನ್ನೇ ಮರೆತುಬಿಟ್ಟಿರಲ್ಲ ಅಂದ. ಕೇಳಿದ ಮಾತು ಅದಾದರೂ ಅವನು ಕೇಳುತ್ತಿದ್ದುದು ಬೇರೆಯೇ ಆಗಿತ್ತು, ಅದು ಜಗಲಿಯ ಮೇಲಿನ ಚಕ್ಕುಲಿಗೂ ಗೊತ್ತಿತ್ತು.

ಅಜ್ಜಿ ಅವನ ಮುಖ ನೋಡಿದರು, ಬೋರ್ಡು ನೋಡಿದರು. “ನಿನ್ ಮಕ ದಿನಾ ನೋಡ್ತೀನಿ, ನಿಂದ್ಯಾಕ್ಲಾ,” ಅಂದರು. ಆಮೇಲೆ ಸಣ್ಣಬೀರಯ್ಯನ ಕಡೆ ತಿರುಗಿದರು. “ಮದ್ವೆ ದಿನ ಧಾರೆ ಎರ್ಯೋವಾಗ ನನ್ ಪಕ್ಕ ಇನ್ನೊಂದು ಕುರ್ಚಿ ಆಕ್ಸು. ಇವ್ರೂ ಕೂತ್ಕಂಡು ನೋಡ್ಲಿ.”

ಆ ಮಾತಿನೊಳಗೆ ಒಪ್ಪಿಗೆ ಕೂತಿದೆ ಅಂತ ಗಂಡಸರಿಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಯಾವ ಮದುವೆ ಅಂತ ದೇವರಾಜು ಕೇಳಲಿದ್ದವನು ಸುನಂದಮ್ಮ ಕಣ್ಣು ಬಿಟ್ಟದ್ದರಿಂದ ಬಾಯಿ ಮುಚ್ಚಿಕೊಂಡ. ಸಾಗರ್ ಕೂತಲ್ಲೇ ನಗುತ್ತಿದ್ದ. ರಮ್ಯಶ್ರೀ ಮಾತ್ರ ಎಲ್ಲರೆದುರು ಗಳಗಳ ಅತ್ತುಬಿಟ್ಟಳು. ಖುಷಿಗೆ ಅತ್ತಳೋ ಆ ಎರಡನೆಯ ಕುರ್ಚಿಯನ್ನು ನೆನೆದು ಅತ್ತಳೋ ಅವಳಿಗೇ ತಿಳಿಯಲಿಲ್ಲ.

ಅಜ್ಜಿ ಅವಳ ಅಳುವಿಗೆ ಲಕ್ಷ್ಯ ಕೊಡಲಿಲ್ಲ. ಸೆರಗಿನ ತುದಿಯಿಂದ ಗಂಡನ ಮುಖವನ್ನು ಒರೆಸುತ್ತ ಇದ್ದರು.

“ಮೀಸೆ ಒಸಿ ಜಾಸ್ತಿ ಆಯ್ತು ಕಣವ್ವ,” ಅಂದರು. “ಬದುಕಿದ್ದಿದ್ರೆ ಇಷ್ಟುದ್ದ ಬುಡಾಕೆ ನಾನು ಬುಡ್ತಿರ್ನಿಲ್ಲ.”